ತಾರ್ಸಿಗೆ ಪೈಂಟು ಬಳುಗಿರೆ ಮಾಡು ಗುಣ ಆವುತ್ತೋ?

ಶಕ್ತಿನಗರಲ್ಲಿ ಎಂಗಳ ಮನೆಯ ತಾರ್ಸಿಲಿ ನಿಂದು ನೋಡಿರೆ ಸುತ್ತಲಿಪ್ಪ ಮನೆಗಳ ಮಾಡು ಮೂರು ನಮೂನೆ. ಒಂದು, ಕೆಂಪೋ ನೀಲಿಯೋ ಶೀಟು ಹಾಕಿದ್ದು. ಇನ್ನೊಂದು, ಬೆಳಿ ಪೈಂಟು ಬಳುಗಿದ್ದು. ಮತ್ತೊಂದು, ಎಂತದೂ ಮಾಡದ್ದೆ ಹಾವಸೆ ಹಿಡುದು ಕಪ್ಪಾದ್ದು. ವಿಶ್ವ ಕೊಂಕಣಿ ಕೇಂದ್ರದ ಹೊಡೆಂಗೆ ಹೋಪ ಮಾರ್ಗಲ್ಲಿ ನೆಡಕ್ಕೊಂಡು ಹೋದರೂ ಇದೇ ಕತೆ. ಈ ಮೂರರಲ್ಲಿ ಕಪ್ಪಾದ್ದರ ಕಂಡರೆ ಎನಗೆ ಹೆದರಿಕೆ ಆವುತ್ತಿಲ್ಲೆ. ಅದು ಇಪ್ಪದರ ಇಪ್ಪ ಹಾಂಗೆ ತೋರುಸುತ್ತು. ಹೆದರಿಕೆ ಅಪ್ಪದು ಬೆಳಿ ಬಳುಗಿದ್ದರ ಕಂಡರೆ. ಎಂತಕೆ ಹೇಳಿರೆ, ಎಂಟು ವರುಷ ಆನುದೇ ಹಾಂಗೇ ಬಳುಗಿದವ°.

ಹಾಂಗಾಗಿ ಇಂದು ಬರವದು ಜಗಳಕ್ಕೇ. ಪೈಂಟಿನ ಡಬ್ಬಿಯ ಮೇಲೆ ಜಗಳ, ಅದರ ಮೇಗೆ ಬರದ "10 ವರ್ಷ ಗ್ಯಾರಂಟಿ"ಯ ಮೇಲೆ ಜಗಳ, ಅದರ ನಂಬಿದ ಎನ್ನ ಬುದ್ಧಿಯ ಮೇಲೆ ಎಲ್ಲದರಿಂದ ದೊಡ್ಡ ಜಗಳ.

ಅಪ್ಪ° ಈ ಮನೆ ಕಟ್ಟಿಸಿದ್ದು 1996ರಲ್ಲಿ. ಆ ಕಾಲಲ್ಲಿ ತಾರ್ಸಿ ಮನೆ ಹೇಳಿರೆ ಒಂದು ಗೌರವ. ಊರಿಲಿ ಹಂಚಿನ ಮನೆ, ಪೇಟೆಲಿ ತಾರ್ಸಿ ಮನೆ. ಹದಿನೆಂಟು ವರುಷ ಎಂತ ತೊಂದರೆಯೂ ಆಯಿದಿಲ್ಲೆ. 2014ರ ಆಟಿಲಿ ಅಬ್ಬೆಯ ಕೋಣೆಲಿ, ಫ್ಯಾನಿಂದ ರಜ್ಜ ಆಚಿಕೆ, ಒಂದು ರೊಟ್ಟಿಯಷ್ಟು ಅಗಲದ ಅರಶಿನ ಕಲೆ ಕಂಡತ್ತು. "ಸೋರ್ತಿಲ್ಲೆನ್ನೆ, ಬರೇ ಪಸೆ" ಹೇಳಿ ಬಿಟ್ಟೆಯೊ°.

2015ಲಿ ಬೆಳಿ ಪೈಂಟು ತಂದು ಬಳುಗುಸಿದೆ, 14 ಸಾವಿರ. ಎರಡು ಮಳೆಗಾಲ ಒಣಗಿದ ಹಾಂಗೆ ಕಂಡತ್ತು. ಮೂರನೇದರಲ್ಲಿ ಕಲೆ ಕಿಟಿಕಿಯ ಹೊಡೆಂಗೆ ಹೋಗಿ ಕೂದತ್ತು. 2018ಲಿ ಇನ್ನೊಂದು ಕಂಪೆನಿದು, ರಬ್ಬರಿನ ಹಾಂಗೆ ಎಳದಷ್ಟು ಎಳವದು, 22 ಸಾವಿರ. 2022ಲಿ ಮಗನ ಉಪನಯನ. ನೆಂಟ್ರು ಬಪ್ಪಗ ಕೋಣೆ ಹೀಂಗಿದ್ದರೆ ಹೇಂಗೆ ಹೇಳಿ ಮೇಗಂದ 31 ಸಾವಿರದ ಪೈಂಟು, ಕೆಳಂದ 38 ಸಾವಿರದ ಜಿಪ್ಸಂ ಸೀಲಿಂಗು. ನಾಕು ಮೂಲೆಲಿ ನಾಕು ಲೈಟುದೇ ಹಾಕ್ಸಿದೆ. ಕಲೆ ಕಾಣದ್ದೆ ಹೋತು. ಎಂಗಳ ಕಣ್ಣಿಂದ ಹೋದ್ದು ಅಷ್ಟೆ, ಸಿಮೆಂಟಿಂದ ಹೋದ್ದಲ್ಲ.

2023ರ ಜುಲೈ ತಿಂಗಳು. ಮಜ್ಜಾನ ಉಂಡಿಕ್ಕಿ ಅಬ್ಬೆ ಒಂದು ಗಳಿಗೆ ಮನುಗುವ ಹೊತ್ತು. ಆ ದಿನ ನೆರೆಕರೆಯ ಅಜ್ಜಿ ಬಂದ ಕಾರಣ ಜೆಗಿಲಿಲಿ ಮಾತಾಡಿಗೊಂಡು ಕೂದಿತ್ತು. ಒಳಂದ ಒಂದು ಶಬ್ದ ಕೇಳಿತ್ತು. ಹೋಗಿ ನೋಡಿರೆ ಜಿಪ್ಸಂ ಹಾಳೆ ಒಡದು ಹಾಸಿಗೆಲಿ ಬಿದ್ದಿದು, ಅದರ ಮೇಗೆ ಕಾಂಕ್ರೀಟಿನ ಒಂದು ತುಂಡು, ಸರೀ ತಲೆಕೊಂಬಿನ ನೆಡೂಕೆ. ಮತ್ತೆ ತೂಗಿ ನೋಡಿದೆ, ನಾಕೂವರೆ ಕಿಲೊ. ಮೇಗೆ ನೋಡಿರೆ ಕಬ್ಬಿಣದ ಸರಳು ಕಾಣ್ತು, ತುಕ್ಕು ಪದರ ಪದರ ಎದ್ದು ಹಳೆ ಬೆಲ್ಲದ ಬಣ್ಣಕ್ಕೆ ಬೈಂದು.

ಅಬ್ಬೆ ಎನಗೆ ಬೈದ್ದಿಲ್ಲೆ. "ಪುಳ್ಳಿ ನಿನ್ನೆ ಎನ್ನ ಒಟ್ಟಿಂಗೆ ಇಲ್ಲೇ ಒರಗಿದ್ದು" ಹೇಳಿತ್ತು. ಅಷ್ಟೆ.

ಈಗ ವಿಷಯಕ್ಕೆ ಬಪ್ಪ°. ಕಾಂಕ್ರೀಟಿನ ಒಳ ಕಬ್ಬಿಣ ತುಕ್ಕು ಹಿಡಿಯದ್ದೆ ಇಪ್ಪದು ಸಿಮೆಂಟಿನ ಕ್ಷಾರಗುಣಂದಾಗಿ. ಕಾಲ ಹೋದ ಹಾಂಗೆ ಗಾಳಿಲಿಪ್ಪ ಇಂಗಾಲದ ಡೈಆಕ್ಸೈಡು ರಜ್ಜ ರಜ್ಜವೇ ಒಳ ಇಳುದು ಆ ಕ್ಷಾರವ ತಗ್ಗುಸುತ್ತು. ಸರಳಿನವರೆಗೆ ಅದು ಎತ್ತಿದ ಮೇಲೆ, ಅಲ್ಲಿ ಪಸೆಯೂ ಇದ್ದರೆ, ತುಕ್ಕು ಸುರು. ತುಕ್ಕು ಸುಮ್ಮನೆ ಕೂಪ ಜಾತಿ ಅಲ್ಲ. ಕಬ್ಬಿಣಕ್ಕೆ ಬೇಕಾದ ಜಾಗೆಯ ಎರಡು ಪಾಲಿಂದಲೂ ಹೆಚ್ಚು ಅದಕ್ಕೆ ಬೇಕು. ಒಳಂದ ಉಬ್ಬಿ ಉಬ್ಬಿ ಅಡಿಯಾಣ ಕಾಂಕ್ರೀಟಿನ ನೂಕುತ್ತು. ಒಂದು ದಿನ ಅದು ಬೀಳ್ತು. ಈ ಕೆಲಸ ಪೂರ ನೆಡವದು ಸರಳಿನ ಸುತ್ತ. ನಿಂಗೊ ಪೈಂಟು ಬಳುಗುದು ಅದರಿಂದ ನಾಕೈದು ಇಂಚು ಮೇಗೆ. ಅದೂ ಚೆಂಡಿ ಸ್ಲ್ಯಾಬಿನ ಮೇಗೆ ಬಳುಗಿರೆ ಒಳಾಣ ನೀರಿಂಗೆ ಮೇಗೆ ಹೋಪಲೆ ದಾರಿ ಇಲ್ಲೆ. ಬೆಶಿಲಿಂಗೆ ಆವಿ ಆಗಿ ಪೈಂಟಿನ ಗುಳ್ಳೆ ಏಳುಸುತ್ತು, ಒಳುದ್ದು ಕೆಳ ಇಳಿತ್ತು. ಗಾಯಲ್ಲಿ ಕೀವು ಇಪ್ಪಗ ಮೇಗಂದ ಪ್ಲಾಸ್ಟರು ಅಂಟುಸಿದ ಹಾಂಗೆ.

ನಮ್ಮ ದೇಶದ ಕಾಂಕ್ರೀಟಿನ ನಿಯಮ, 2000ದ ಐಎಸ್ 456, ಜೋರು ಮಳೆ ಬಪ್ಪ, ನೆನವದು ಒಣಗುದು ನೆಡಕ್ಕೊಂಡೇ ಇಪ್ಪ, ಕಡಲಕರೆಯ ಜಾಗೆಗಳ 'ತೀವ್ರ' ಹೇಳ್ತ ವರ್ಗಲ್ಲಿ ಮಡುಗುತ್ತು. ಅಲ್ಲಿ ಸರಳಿನ ಮೇಗೆ 45 ಮಿಲ್ಲಿಮೀಟರ್ ಕಾಂಕ್ರೀಟಿನ ಹೊದಿಕೆ ಬೇಕು ಹೇಳ್ತು. ಎಂಗಳದ್ದು ಅದರಿಂದ ಮದಲಾಣ ಮನೆ, ಒಪ್ಪುತ್ತೆ. ಆದರೂ ಬಿದ್ದ ತುಂಡಿನ ಅಳದು ನೋಡಿದೆ, ಸರಳಿಂದ ಅಡಿಯಂಗೆ ಇದ್ದದು ಬರೇ 12 ಮಿಲ್ಲಿಮೀಟರ್. ಇದರ ಏವ ಡಬ್ಬಿಯ ಪೈಂಟು ಸರಿ ಮಾಡುಗು, ಹೇಳಿ?

ಮಳೆಯ ಲೆಕ್ಕವನ್ನೂ ಒಂದರಿ ಹಾಕಿ. ಮಂಗಳೂರಿಲಿ ವರುಷಕ್ಕೆ ಮೂರುವರೆ ಸಾವಿರ ಮಿಲ್ಲಿಮೀಟರಿಂದ ಹೆಚ್ಚು ಮಳೆ. ಎಂಗಳ ತಾರ್ಸಿ 1,200 ಚದರಡಿ. ಅದರ ಮೇಗೆ ವರುಷಕ್ಕೆ ಬೀಳುವ ನೀರು ಹತ್ತತ್ತರೆ ನಾಕು ಲಕ್ಷ ಲೀಟರು. ಆರು ಸಾವಿರ ಲೀಟರಿನ ಟ್ಯಾಂಕರು ಅರುವತ್ತೈದು! ಅದರಲ್ಲಿ ಹೆಚ್ಚಿನ ಪಾಲು ಜೂನಿಂದ ಸೆಪ್ಟೆಂಬರಿನೊಳ. ಇಷ್ಟು ನೀರಿನ ಒಂದು ಮಿಲ್ಲಿಮೀಟರ್ ದಪ್ಪದ ಪೈಂಟು ತಡವದಲ್ಲ. ತಾರ್ಸಿಯ ಇಳಿಜಾರು ತಡೆಯೆಕ್ಕು, ಅಲ್ಲ, ತಡವದಲ್ಲ, ಹೆರ ಕಳುಸೆಕ್ಕು. ಎಂಗಳಲ್ಲಿ ರಿಪೇರಿಗೆ ಬಂದ ಪ್ರಾಯದ ಮೇಸ್ತ್ರಿ ಇದರನ್ನೇ ತುಳುವಿಲಿ ಹೇಳಿದವು: "ಭಟ್ರೆ, ನೀರ್‌ಗ್ ಸಾದಿ ಕೊರೊಡು." ನೀರಿಂಗೆ ದಾರಿ ಕೊಡೆಕ್ಕು. ದಾರಿ ಕೊಡದ್ದರೆ ಅದು ಅದರದ್ದೇ ದಾರಿ ಮಾಡಿಗೊಳ್ತು.

ಇದು ಕಾಂಕ್ರೀಟಿನ ಕತೆ ಮಾಂತ್ರ ಹೇಳಿ ಗ್ರೇಶೆಡಿ. ಅಮೇರಿಕಲ್ಲಿಪ್ಪ ಭಾವನ ಹತ್ತರೆ ಒಂದು ಆರ್‌ವಿ ಇದ್ದು. ಹಾಸಿಗೆ, ಅಡಿಗೆಕೋಣೆ ಎಲ್ಲ ಒಳವೇ ಇಪ್ಪ ಗಾಡಿ. ರಜೆಲಿ ಹೆಂಡತ್ತಿ ಮಕ್ಕಳ ಕರಕ್ಕೊಂಡು ಅದರಲ್ಲೇ ತಿರುಗುಗು. ಅದರ ಮಾಡು ತೆಳು ಪ್ಲೈವುಡ್ಡು, ಅದರ ಮೇಗೆ ಇಪಿಡಿಎಂ ಹೇಳ್ತ ರಬ್ಬರಿನ ಹಾಳೆ ಅಂಟುಸಿದ್ದು. ಒಂದರಿ ತೊಳವಲೆ ಹೇಳಿ ಮೇಗೆ ಹತ್ತಿದ°, ಒಂದು ಕಡೆ ಕಾಲು ಮಡುಗಿರೆ ಮೆತ್ತಂಗೆ ಕೆಳ ಹೋತಡ. ರಬ್ಬರು ನೋಡ್ಳೆ ಹೊಸತ್ತರ ಹಾಂಗೆ ಇತ್ತು. ಅವನುದೇ ಎನ್ನ ಭಾವನೇ ಅಲ್ಲದೋ, ಮದಾಲು ಮಾಡಿದ್ದು ಎನ್ನ ಹಾಂಗೇ: ಅಂಗಡಿಂದ ಒಂದು ಟ್ಯೂಬು ಅಂಟು ತಂದು ಮೆತ್ತಿದ್ದು. ಮುಂದಾಣ ವರುಷಕ್ಕೆ ಆ ಮೆತ್ತಂಗಿಪ್ಪ ಜಾಗೆ ಎರಡು ಪಾಲು ಅಗಲ ಆತು.

ಮತ್ತೆ ಅಲ್ಲಿ ಒಬ್ಬ ಕೆಲಸ ಗೊಂತಿಪ್ಪ ಅಜ್ಜ° ಅವಂಗೆ ಹೇಳಿಕೊಟ್ಟದು: ಮೆತ್ತಂಗೆ ಆದ್ದು ರಬ್ಬರಲ್ಲ, ಅಡಿಯಾಣ ಮರ ಕುಂಬಾದ್ದು. ನೀರು ಒಳ ಹೋದ್ದು ಆ ಜಾಗೆಂದಲೂ ಅಲ್ಲ, ಗಾಳಿ ಹೋಪಲೆ ಮಡಗಿದ ಕಿಂಡಿಯ ಅಂಚಿಂದ, ಮೊಳೆಗಳ ಒಟ್ಟೆಂದ. ಕಿಂಡಿ ಬಿಚ್ಚಿ, ರಬ್ಬರಿನ ಎಬ್ಬುಸಿ, ಕುಂಬಾದ್ದರ ಒಣ ಗಟ್ಟಿ ಮರ ಸಿಕ್ಕುವವರೆಗೆ ಕೊರದು ತೆಗದು, ಒಳ ಪೂರ ಒಣಗುಸಿ, ಹೊಸ ಪ್ಲೈವುಡ್ಡು ಅಡಿಯಾಣ ಪಟ್ಟಿಗೆ ಬಿಗುದು, ಮತ್ತೆ ರಬ್ಬರು ಅಂಟುಸಿ, ಕರೆಗೊಕ್ಕೆ ಟೇಪು ಹಾಕಿ, ಅಖೇರಿಗೆ ಅಂಟು. ಅಂಟೂ ಏವದಾದರೂ ಆಗ. ಪೆಟ್ರೋಲಿಯಂ ಎಣ್ಣೆ ಇಪ್ಪದು ತಾಗಿರೆ ಈ ರಬ್ಬರೇ ಉಬ್ಬಿ ಹಾಳಾವುತ್ತು.

ಭಾವ° ಫೋನಿಲಿ ಇದರ ಹೇಳುವಗ ಆನು ತಲೆಕೊಂಬಿನ ಮೇಲೆ ಬಿದ್ದ ತುಂಡಿನ ಗ್ರೇಶಿಗೊಂಡಿತ್ತಿದ್ದೆ. ಅವನದ್ದು ಚಕ್ರ ಇಪ್ಪ ಮನೆ, ಎನ್ನದು ಪಂಚಾಂಗ ಇಪ್ಪ ಮನೆ. ರೋಗ ಒಂದೇ, ಕಳ್ಳಮದ್ದುದೇ ಒಂದೇ. ಅಂಚು, ಮೂಲೆ, ಪೈಪು, ಒಟ್ಟೆ: ನೀರು ಒಳ ಬಪ್ಪದು ಇವರಿಂದ. ನಾವು ಮದ್ದು ಬಳುಗುದು ಬಯಲಿಂಗೆ.

ಅಂಬಗ ಈ 'ಗ್ಯಾರಂಟಿ' ಎಂತರ? ಪೈಂಟಿನವು ಗ್ಯಾರಂಟಿ ಕೊಡುದು ಪೈಂಟಿಂಗೆ, ನಿಂಗಳ ಮಾಡಿಂಗೆ ಅಲ್ಲ. ಎಂಗಳಲ್ಲಿ ಎರಡನೇ ಸರ್ತಿ ಬಳುಗಿ ಎರಡು ವರುಷಲ್ಲಿ ಸೋರಿಯಪ್ಪಗ ಬಂದು ನೋಡಿದ ಮನುಷ್ಯ° ಹೇಳಿದ್ದು ಎನಗೆ ಈಗಳೂ ನೆಂಪಿದ್ದು: "ಸಾರ್, ನಮ್ಮ ಕೋಟಿಂಗ್ ಚೆನ್ನಾಗಿಯೇ ಉಂಟು. ನಿಮ್ಮ ಸ್ಲ್ಯಾಬೇ ಸರಿ ಇಲ್ಲ." ಅವ° ಹೇಳಿದ್ದು ಸತ್ಯವೇ! ಆದರೆ ಮಾರುವ ದಿನ ಆ ಸತ್ಯ ಹೇಳಿತ್ತಿದ್ದರೆ ಎನ್ನ 22 ಸಾವಿರ ಒಳಿತ್ತಿತು. ಬಳುಗುವ ಮದಲು ಒಂದು ಸುತ್ತಿಗೆ ತೆಕ್ಕೊಂಡು ನಾಕು ಕಡೆ ತಟ್ಟಿ ನೋಡದ್ದವಂಗೆ ಪೈಂಟು ಬಳುಗುವ ಅಧಿಕಾರ ಇಲ್ಲೆ ಹೇಳಿ ಎನ್ನ ವಾದ.

ಜಿಪ್ಸಂ ಸೀಲಿಂಗಿನ ವಿಷಯಲ್ಲಿ ಎನಗೆ ಇದಕ್ಕಿಂತಲೂ ಪಿಸುರು ಇದ್ದು. ಚೆಂದಕ್ಕೆ ಹಾಕುವವು ಹಾಕಲಿ. ಕಲೆ ಮುಚ್ಚಲೆ ಹಾಕುದು ಮಾಂತ್ರ ಪಾಪದ ಕೆಲಸ. ಕಲೆ ಹೇಳಿರೆ ಮಾಡು ನಮ್ಮತ್ತರೆ ಮಾತಾಡುದು. ಅದರ ಬಾಯಿ ಮುಚ್ಚುಸಿದ ಮೇಲೆ ಮತ್ತೆ ಅದು ಮಾತಾಡುದು ಬಿದ್ದು ಮಾಂತ್ರ. ಬಾಡಿಗೆ ಮನೆಗಳಲ್ಲಿ ಇದರ ಇನ್ನೊಂದು ರೂಪ ಇದ್ದು: ಮೇ ತಿಂಗಳಿಲಿ ಬಿಡಾರ ಖಾಲಿ ಆವುತ್ತು, ಕಲೆಯ ಮೇಗೆ ಬೆಳಿ ಬಣ್ಣ ಬೀಳ್ತು, ಜೂನಿಂಗೆ ಹೊಸಬ್ಬರು ಬತ್ತವು. ಅವರ ಮಕ್ಕೊ ಒರಗುದು ಅದೇ ಮಾಡಿನ ಅಡಿಲಿ. ಇದರ ವ್ಯವಹಾರ ಹೇಳ್ತವು. ಆನು ಬೇರೆ ಹೆಸರಿಲಿ ಹೇಳುಗು.

ಈಗ ಶೀಟಿಂಗೆ ಬಪ್ಪ°. ಶೀಟಿನವರ ಹತ್ತರೆ ಎನ್ನ ಜಗಳ ಅರ್ಧ ಮಾಂತ್ರ. ಮಳೆನೀರು ಸ್ಲ್ಯಾಬಿಂಗೆ ತಾಗದ್ದ ಹಾಂಗೆ ಮಾಡುದು ಒಳ್ಳೆದೇ. ಅಡಿಲಿ ವಸ್ತ್ರ ಒಣಗುತ್ತು, ಅಡಕ್ಕೆ ಹರಗುಲಾವುತ್ತು, ಮಕ್ಕೊಗೆ ಆಡ್ಲಾವುತ್ತು. ನಿಜ ಹೇಳಿರೆ ಮಂಗಳೂರಿನ ಪ್ರತಿಯೊಂದು ಶೀಟೂ ಒಂದು ತಪ್ಪೊಪ್ಪಿಗೆ: ಈ ಮಳೆಗೆ ಚಪ್ಪಟೆ ಮಾಡು ಆಗ ಹೇಳಿ. 1865ರಲ್ಲಿ ಬಾಸೆಲ್ ಮಿಶನಿನ ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿ ಕರೆಲಿ ಹಂಚಿನ ಕಾರ್ಖಾನೆ ಸುರು ಮಾಡಿದವು. ಮಂಗಳೂರು ಹಂಚು ಹಡಗು ಹತ್ತಿ ಪರದೇಶಕ್ಕೂ ಹೋತು. ಹಂಚಿನ ಹೆಸರಿಲೇ ಲೋಕಕ್ಕೆ ಗೊಂತಪ್ಪ ಊರಿಲಿ ನಾವು ಹಂಚು ಬಿಟ್ಟು ಚಪ್ಪಟೆ ಮಾಡು ಹಾಕಿದೆಯೊ°, ಮತ್ತೆ ಅದರ ಮೇಗೆ ತಗಡಿನ ಇಳಿಜಾರು ಮಾಡು ಹಾಕಿದೆಯೊ°. ಎರಡು ಮಾಡಿನ ಪೈಸೆ, ಒಂದು ಮಾಡಿನ ಕೆಲಸ!

ಆದರೆ ಸ್ಲ್ಯಾಬು ಸರಿ ಮಾಡದ್ದೆ ಶೀಟು ಹಾಕಿರೆ? ಸೋರುದು ನಿಲ್ಲುಗು, ಅಪ್ಪು. ತುಕ್ಕು ಹಿಡುದ ಸರಳು ಗುಣ ಆಗ. ಎದ್ದು ಬಿಟ್ಟ ಕಾಂಕ್ರೀಟು ಪುನಾ ಅಂಟ. ಶೀಟಿನ ಕಂಬ ನಿಲ್ಲುಸಲೆ ಬೋಲ್ಟು ಹಾಕಿ ಸ್ಲ್ಯಾಬಿಂಗೆ ಹೊಸ ಒಟ್ಟೆ ಬೇರೆ. ಮತ್ತೆ, ಅಡಿಲಿ ಕಸ ಕಡ್ಡಿ ಹಳೆ ಸಾಮಾನು ತುಂಬಿ ಆ ಜಾಗೆಯ ಆರುದೇ ನೋಡ್ತವಿಲ್ಲೆ. ಶೀಟು ಹಾಕಿ, ಬೇಡ ಹೇಳ್ತಿಲ್ಲೆ. ಮದ್ದು ಮಾಡಿಕ್ಕಿ ಕೊಡೆ ಹಿಡಿಯಿರಿ.

ಹಂಚಿನ ಮನೆಯ ಹೊಗಳಿ ಎಲ್ಲೋರೂ ಊರಿಂಗೆ ಹೋಯೆಕ್ಕು ಹೇಳುವ ಜೆನ ಆನಲ್ಲ. ಹಂಚಿಲಿಯೂ ಬಂಙ ಇದ್ದು. ಮಂಗ ಹಾರಿರೆ ಹಂಚು ಒಡೆತ್ತು, ಗೆದ್ದಲು ಪಕ್ಕಾಸಿನ ತಿಂತು. ಆದರೆ ಅಜ್ಜ° ಪ್ರತಿ ವರುಷ ಮಳೆಗೆ ಮದಲು ಏಣಿ ಮಡಗಿ ಹತ್ತುಗು. ಒಡದ ಹಂಚಿನ ತೆಗಗು, ಬೇರೆ ಮಡುಗುಗು, ಎಲೆ ಕಸ ನೂಕುಗು. ಅದಕ್ಕೂ ಮದಲು ಮುಳಿ ಮಾಡು ಇಪ್ಪಗ ವರುಷ ವರುಷ ಹೊಸ ಹುಲ್ಲು ಹೊದಿಶುಗಡ. ಮಾಡು ಹೇಳಿರೆ ವರುಷಕ್ಕೊಂದರಿ ನೋಡೆಕ್ಕಾದ್ದು ಹೇಳಿ ಅವಕ್ಕೆ ಗೊಂತಿತ್ತು. ತಾರ್ಸಿ ಬಂದ ಮೇಲೆ ನವಗೆ ಮರದ್ದು ಅದುವೇ. ಒಂದರಿ ಕಟ್ಟಿರೆ ಮುಗುತ್ತು ಹೇಳಿ ಗ್ರೇಶಿದೆಯೊ°. ಮೇಗೆ ಹೋಪದು ನೀರಿನ ಟ್ಯಾಂಕಿ ತುಂಬದ್ದರೆ ಮಾಂತ್ರ.

ಎಂಗೊ ಮಾಡಿದ್ದರ ಹೇಳ್ತೆ, ಕ್ರಮಲ್ಲಿ. ತುಂಡು ಬಿದ್ದ ದಿನವೇ ಆ ಕೋಣೆಗೆ ಬೀಗ. ಇಂಜಿನಿಯರು ಬಂದು ನೋಡಿ ಅಡಿಂದ ಕಬ್ಬಿಣದ ಆಧಾರಕಂಬ ಕೊಡುಸಿದವು. ಆ ಮಳೆಗಾಲ ಹಾಂಗೇ ಕಳುದತ್ತು, ಅಬ್ಬೆ ನೆಡುಕೋಣೆಲಿ ಒರಗಿತ್ತು. ಜನವರಿಲಿ ತಾರ್ಸಿಯ ನಾಕು ಪಾಲು ಮಾಡಿ ಸಣ್ಣ ಕಟ್ಟ ಕಟ್ಟಿ, ಒಂದೊಂದೇ ಪಾಲಿಲಿ ಎರಡಿಂಚು ನೀರು ನಿಲ್ಲುಸಿ ಒಂದೊಂದು ದಿನ ಬಿಟ್ಟೆಯೊ°. ಕಲೆ ಇದ್ದ ಜಾಗೆಯ ಮೇಗಾಣ ಪಾಲಿಲಿ ನೀರು ನಿಲ್ಲುಸಿರೆ ಎಂತದೂ ಆಯಿದಿಲ್ಲೆ! ಅಡಿಲಿ ಹನಿ ಬಂದದು ಟ್ಯಾಂಕಿಯ ಪಾಲಿಲಿ ನಿಲ್ಲುಸಿಯಪ್ಪಗ. ಟ್ಯಾಂಕಿಂದ ಇಳಿವ ಪೈಪಿನ ಬುಡಲ್ಲಿ ಬೆರಳು ಹೋಪಷ್ಟು ಸಂದು. ಕಲೆಂದ ಎಂಟಡಿ ದೂರ. ನೀರು ಅಲ್ಲಿ ಇಳುದು, ಮೇಗಾಣ ಗಾರೆಗೂ ಸ್ಲ್ಯಾಬಿಂಗೂ ಎಡೆಲಿ ಹರುದು, ಇಲ್ಲಿ ಬಿದ್ದೊಂಡಿತ್ತು. ಅದರ ಹತ್ತರೆಯೇ ನೀರು ಹೋಪ ಪೈಪಿನ ಬಾಯಿಲಿ ಹಲಸಿನ ಎಲೆ ಕಟ್ಟಿ, ಮಳೆಗೆ ಅಲ್ಲಿ ಕೆರೆ ಆಗಿಗೊಂಡಿತ್ತು. ಮೂರು ಸರ್ತಿ ಬಳುಗಿದ ಪೈಂಟು ಆ ಸಂದಿಂಗೆ ಒಂದು ಸರ್ತಿಯೂ ಸರಿಯಾಗಿ ತಾಗಿದ್ದಿಲ್ಲೆ.

ಮತ್ತೆ ಅಡಿಲಿ ಸುತ್ತಿಗೆಲಿ ತಟ್ಟಿ ನೋಡಿದ್ದು. ಗಟ್ಟಿ ಇಪ್ಪಲ್ಲಿ 'ಟಣ್' ಹೇಳ್ತು, ಎದ್ದಲ್ಲಿ 'ಡಬ್' ಹೇಳ್ತು. ಬಿದ್ದದು ಒಂದಡಿ ಅಗಲ, 'ಡಬ್' ಹೇಳಿದ್ದು ನಾಕಡಿಗೆ ಮೂರಡಿ. ಅಷ್ಟನ್ನೂ ಒಡದು ತೆಗದು, ಸರಳಿನ ಹಿಂದೆಯೂ ಕೈ ಹೋಪ ಹಾಂಗೆ ಬಿಡುಸಿ, ಉಕ್ಕಿನ ಬ್ರಶಿಲಿ ತುಕ್ಕು ಕೆರಸಿ, ಸಪೂರ ಆದ ಸರಳಿನ ಹತ್ತರೆ ಹೊಸ ಸರಳು ಸೇರ್ಸಿ ಕಟ್ಟಿ, ತುಕ್ಕು ಹಿಡಿಯದ್ದ ಹಾಂಗೆ ಮದ್ದು ಕೊಟ್ಟು, ಪಾಲಿಮರ್ ಸೇರ್ಸಿದ ಗಾರೆಯ ಪದರ ಪದರವಾಗಿ ತುಂಬುಸಿದವು. ಮೇಗೆ, ಎದ್ದ ಹಳೆ ಗಾರೆ ಪೂರ ತೆಗದು, ಪೈಪಿನ ಬುಡ ಕಟ್ಟಿ, ನೂರಕ್ಕೆ ಒಂದರ ಲೆಕ್ಕಲ್ಲಿ ಹೊಸ ಇಳಿಜಾರು ಕೊಟ್ಟವು. ಇಪ್ಪತ್ತಡಿಗೆ ಎರಡೂವರೆ ಇಂಚು ಹತ್ತರೆ. ಕಟ್ಟೆಯೂ ತಾರ್ಸಿಯೂ ಸೇರುವ ಮೂಲೆಯ ಉರುಟು ಮಾಡಿದವು. ಎಲ್ಲ ಒಣಗಿದ ಮೇಲೆ, ಅಖೇರಿಗೆ, ಪೈಂಟು. ಅಪ್ಪು, ಅದೇ ಪೈಂಟು! ಪೈಂಟು ವೈರಿ ಅಲ್ಲ. ಅಖೇರಿಗೆ ಬರೆಕ್ಕಾದ್ದರ ಮದಾಲು ತಂದದು ತಪ್ಪು. ಮತ್ತೆ ಪುನಾ ನೀರು ನಿಲ್ಲುಸಿ ಎರಡು ದಿನ ಕಾದೆಯೊ°. ಒಂದು ಹನಿ ಬೈಂದಿಲ್ಲೆ.

ಖರ್ಚು ಎಷ್ಟು ಹೇಳಿ ಕೇಳುವಿ. 86 ಸಾವಿರ. "ಅಬ್ಬಾ!" ಹೇಳೆಡಿ. ಮದಲು ಬಳುಗಿದ್ದೂ ಮುಚ್ಚಿದ್ದೂ ಒಟ್ಟು ಮಾಡಿರೆ 1 ಲಕ್ಷದ 5 ಸಾವಿರ, ಅದರಲ್ಲಿ ಗುಣ ಆದ್ದು ಸೊನ್ನೆ. 2014ಲಿ ಕಲೆ ರೊಟ್ಟಿಯಷ್ಟಿಪ್ಪಗ ಆ ಸಂದಿನ ಹುಡುಕ್ಕಿತ್ತಿದ್ದರೆ ಒಬ್ಬ ಮೇಸ್ತ್ರಿಯ ಒಂದು ದಿನದ ಕೆಲಸ.

"ಮಕ್ಕೊ ಎಲ್ಲ ಬೆಂಗಳೂರಿಲಿ, ಇನ್ನು ಈ ಮನೆಲಿ ಆರು ಕೂಪದು, ನಮ್ಮ ಕಾಲಕ್ಕೆ ಪೈಂಟು ಸಾಕು" ಹೇಳುವವು ತುಂಬ ಜೆನ ಇದ್ದವು. ಅವಕ್ಕೆ ಎನ್ನದು ಒಂದೇ ಮಾತು. ಆ ಮನೆಲಿ ಈಗ ಕೂಪದು ಆರು? ಪ್ರಾಯ ಆದ ಅಪ್ಪ° ಅಬ್ಬೆ. ಮಾಡು ಬೀಳುದು ಮುಂದೆ ಬಪ್ಪವರ ಮೇಲೆ ಅಲ್ಲ, ಈಗ ಅಡಿಲಿ ಮನುಗಿದವರ ಮೇಲೆ.

ಹಾಂಗಾಗಿ ಮಳೆಗಾಲಲ್ಲಿ ಕಲೆ ಕಂಡರೆ ಪೈಂಟಿನ ಅಂಗಡಿಗೆ ಓಡೆಡಿ. ಸೀಸಿಲಿ ಅದರ ಸುತ್ತ ಗೆರೆ ಎಳದು ತಾರೀಕು ಬರೆಯಿರಿ, ಅದು ಎತ್ತ ಹೋವುತ್ತು ನೋಡಿ. ಹಾಸಿಗೆಯ ಅದರ ಅಡಿಂದ ಸರುಸಿ. ಸಿಮೆಂಟು ಎದ್ದಿದ್ದರೆ, ಸರಳು ಕಂಡರೆ ಇಂಜಿನಿಯರಿಂಗೆ ತೋರ್ಸದ್ದೆ ಒರಗೆಡಿ. ಮಳೆ ಬಿಟ್ಟು ಸ್ಲ್ಯಾಬು ಒಣಗಿದ ಮೇಲೆ ದಾರಿ ಹುಡ್ಕಿ. ಸುಗ್ಗಿಲಿ ಕೆಲಸ ಸುರು ಮಾಡಿ, ಪತ್ತನಾಜೆ ಒಳ ಮುಗುಶಿ. ಆಟ, ಕೋಲ ಎಲ್ಲದಕ್ಕೂ ಪತ್ತನಾಜೆಯ ಗಡು ಇಪ್ಪಗ ಮಾಡಿಂಗೂ ಒಂದು ಇರಲಿ. ಮತ್ತೆ ವರುಷಕ್ಕೆರಡು ಸರ್ತಿ ಮೇಗೆ ಹತ್ತಿ ಎಲೆ ತೆಗೆಯಿರಿ. ಇದಕ್ಕೆ ಏವ ಕಂಪೆನಿಯೂ ಬೇಡ, ಒಂದು ಹಿಡಿಸೂಡಿ ಸಾಕು.

ಎರಡು ಮಳೆಗಾಲ ಕಳುದತ್ತು. ಅಬ್ಬೆ ಪುನಾ ಅದೇ ಕೋಣೆಲಿ ಮನುಗುತ್ತು. ಜಿಪ್ಸಂ ಪುನಾ ಹಾಕ್ಸಿದ್ದಿಲ್ಲೆ. ಮಾಡು ಬರೇ ಸುಣ್ಣದ ಬಣ್ಣಲ್ಲಿ ಇದ್ದು, ರಿಪೇರಿ ಮಾಡಿದ ಜಾಗೆ ರಜ್ಜ ಬೇರೆಯೇ ಕಾಣ್ತು. "ಅದಕ್ಕೊಂದು ಬಣ್ಣ ಬಳುಗುಲಾಗದೋ?" ಕೇಳಿತ್ತು ಹೆಂಡತ್ತಿ. ಅಬ್ಬೆಯೇ ಹೇಳಿತ್ತು: "ಬೇಡ. ಮನುಗಿದಲ್ಲಿಂದ ಕಾಣ್ತಾ ಇರಲಿ."